ರೆಸಿಡೆಂಟ್ ಮಾಲ್ಕಂ ಸಾಹೇಬ ಮತ್ತು ನಮ್ಮ ಪೊಗದಿ
(ಕೊತ್ತತ್ತಿಯ ಸಭೆಯಲ್ಲಿ ಮಾಡಿದ ಭಾಷಣ)

ಈ ಸಂಜೆ ಕಾರ್ಖಾನೆಯ ಪಾಳಿ ಮುಗಿಸಿಕೊಂಡು ಬಂದವರು ಇಲ್ಲಿ ಇದ್ದೀರಿ, ಅಂಗಡಿಯ ಬಾಗಿಲು ಹಾಕಿಕೊಂಡು ಬಂದವರೂ ಇದ್ದೀರಿ. ನಾನು ಮಾತನಾಡಲಿರುವ ವಿಷಯ ಸುಮಾರು ಇನ್ನೂರು ವರ್ಷಗಳ ಹಿಂದೆ ಬದುಕಿದ್ದ ಒಬ್ಬ ಬ್ರಿಟಿಷ್ ರಾಯಭಾರಿಯದು. ಅದಕ್ಕೂ ನಮಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಉತ್ತರವನ್ನು ಕೊನೆಯಲ್ಲಿ ತಾವೇ ಹೇಳುವಿರಿ.

ಕೊತ್ತತ್ತಿಯಿಂದ ಶ್ರೀರಂಗಪಟ್ಟಣ ಒಂದೇ ದಿನದಲ್ಲಿ ಹೋಗಿಬರುವಷ್ಟು ದೂರದ ಊರು. ಅಲ್ಲಿಯ ಕೋಟೆ ನೋಡಿದ್ದೇವೆ. ಗೋಡೆ ಒಡೆದ ಜಾಗವನ್ನು ನೋಡಿದ್ದೇವೆ. 1799ರ ಮೇ 4ರಂದು ಟಿಪ್ಪು ಬಿದ್ದ ಜಾಗವನ್ನೂ ಮಕ್ಕಳಿಗೆ ತೋರಿಸುತ್ತೇವೆ. ಕತ್ತಿ, ಕೋವಿ, ಫಿರಂಗಿಗಳ ಕಥೆ ನಮಗೆ ಬಾಯಿಪಾಠವಾಗಿದೆ. ಆದರೆ ಫಿರಂಗಿ ಸುಮ್ಮನಾದ ಮೇಲೆ ಎರಡು ತಿಂಗಳು ಅದೇ ಊರಿನಲ್ಲಿ ಲೇಖನಿ ಕೆಲಸ ಮಾಡಿತು. ಆ ಲೇಖನಿ ಬರೆದದ್ದನ್ನು ನಮ್ಮ ಅಜ್ಜಂದಿರು, ಮುತ್ತಜ್ಜಂದಿರು ಸುಮಾರು ಒಂದೂವರೆ ಶತಮಾನ ತೀರಿಸಿದರು. ಅದನ್ನು ಹಿಡಿದ ಕೈಗಳಲ್ಲಿ ಒಂದು ಜಾನ್ ಮಾಲ್ಕಂ ಎಂಬಾತನದು.

ಈತ ಹುಟ್ಟಿದ್ದು 1769ರಲ್ಲಿ, ಸ್ಕಾಟ್ಲೆಂಡಿನ ಒಂದು ಹಳ್ಳಿಗಾಡಿನಲ್ಲಿ. ತಂದೆ ಗೇಣಿಗೆ ಜಮೀನು ಮಾಡುತ್ತಿದ್ದ ಕುರಿಗಾರ. ಮನೆಯಲ್ಲಿ ಹದಿನೇಳು ಮಕ್ಕಳು. ವ್ಯವಹಾರದಲ್ಲಿ ಕೈಸುಟ್ಟುಕೊಂಡು ತಂದೆ ದಿವಾಳಿಯಾದ. ಸಾಲಗಾರನ ಮಕ್ಕಳಿಗೆ ಆ ಕಾಲದಲ್ಲಿ ಇದ್ದ ದಾರಿ ಒಂದೇ: ಯಾರದಾದರೂ ಶಿಫಾರಸು ಹಿಡಿದು ಈಸ್ಟ್ ಇಂಡಿಯಾ ಕಂಪನಿಯ ಚಾಕರಿ ಸೇರುವುದು. ಹದಿಮೂರು ವರ್ಷದ ಹುಡುಗ ಲಂಡನ್ನಿನಲ್ಲಿ ಕಂಪನಿಯ ಡೈರೆಕ್ಟರುಗಳ ಎದುರು ನಿಂತ. ಹೈದರಾಲಿ ಎದುರಾದರೆ ಏನು ಮಾಡುತ್ತೀಯೆ ಎಂದು ಅವರು ಕೇಳಿದರಂತೆ. ಕತ್ತಿ ಹಿರಿದು ತಲೆ ತೆಗೆಯುತ್ತೇನೆ ಎಂದನಂತೆ ಹುಡುಗ. ಕೆಲಸ ಸಿಕ್ಕಿತು. ನೋಡಿ, ಲಂಡನ್ನಿನ ದೊಡ್ಡ ಮನುಷ್ಯರು ಒಬ್ಬ ಬಾಲಕನನ್ನು ಪರೀಕ್ಷಿಸಲು ನಮ್ಮ ಮೈಸೂರಿನ ಹೆಸರನ್ನೇ ಹಿಡಿದರು. ಅಷ್ಟು ಹೆದರಿಕೆ ಇತ್ತು.

1783ರಲ್ಲಿ ಆತ ಮದರಾಸಿಗೆ ಬಂದ. ಮೊದಲ ಹಲವು ವರ್ಷ ಸಾಮಾನ್ಯ ಸಿಪಾಯಿ ಪಲ್ಟನ್ನಿನ ಅಧಿಕಾರಿ. 1790ರಿಂದ 92ರವರೆಗೆ ನಡೆದ ಮೈಸೂರು ಯುದ್ಧದಲ್ಲಿ ಹೈದರಾಬಾದಿನ ನಿಜಾಮನ ಸೈನ್ಯದ ಜತೆಗೆ ಬಂದ. ಆಗ ಆತನಿಗೆ ಒಂದು ವಿಷಯ ಹೊಳೆಯಿತು. ಕತ್ತಿ ಹಿಡಿದವನು ಅಧಿಕಾರಿಯಾಗಿಯೇ ಉಳಿಯುತ್ತಾನೆ, ಭಾಷೆ ಬಲ್ಲವನು ಮೇಲೇರುತ್ತಾನೆ. ಆಗ ಇಲ್ಲಿಯ ದರಬಾರುಗಳ ಪತ್ರವ್ಯವಹಾರ ನಡೆಯುತ್ತಿದ್ದದ್ದು ಪಾರ್ಸಿ ಭಾಷೆಯಲ್ಲಿ. ಆತ ಪಾರ್ಸಿ ಕಲಿತ. 1792ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯ ಕಾಲಕ್ಕೆ ನಿಜಾಮನ ಜತೆಯಿದ್ದ ಪಲ್ಟನ್ನಿಗೆ ದುಭಾಷಿಯಾದ. ಆತನ ಜೀವನ ತಿರುಗಿದ್ದು ಇಲ್ಲಿ, ನಮ್ಮ ಕಾವೇರಿ ದಂಡೆಯಲ್ಲಿ.

ರೆಸಿಡೆಂಟ್ ಎಂದರೆ ಯಾರು, ಅದನ್ನು ಮೊದಲು ತಿಳಿಯೋಣ. ಒಂದು ರಾಜ್ಯದ ದರಬಾರಿನಲ್ಲಿ ಕಂಪನಿಯ ಪರವಾಗಿ ಕೂತಿರುವ ಮನುಷ್ಯ. ಹೆಸರಿಗೆ ರಾಯಭಾರಿ. ದಸರೆಯ ದಿನ ಕುರ್ಚಿ, ಹಾರ, ತಾಂಬೂಲ. ರಾಜನಿಗೆ ಸಲಹೆ ಕೊಡುವುದು ಆತನ ಕೆಲಸ. ಆದರೆ ಆ ಸಲಹೆಯ ಹಿಂದೆ ಊರಾಚೆ ಡೇರೆ ಹಾಕಿದ ಪಲ್ಟನ್ ಇರುತ್ತದೆ. ಆ ಪಲ್ಟನ್ನಿನ ಸಂಬಳ ಕೊಡುವವರು ಯಾರು? ರಾಜನೇ. ರಾಜನಿಗೆ ಎಲ್ಲಿಂದ ಬಂತು? ರೈತನ ಕಂದಾಯದಿಂದ, ವರ್ತಕನ ಸುಂಕದಿಂದ. ನಮ್ಮ ತಲೆಯ ಮೇಲೆ ಹೊಡೆಯಲು ಇಟ್ಟುಕೊಂಡ ಕೋಲಿನ ಬೆಲೆಯನ್ನು ನಮ್ಮಿಂದಲೇ ವಸೂಲು ಮಾಡುವ ಈ ಏರ್ಪಾಡಿಗೆ ಸಹಾಯಕ ಸೈನ್ಯ ಪದ್ಧತಿ ಎಂದು ಹೆಸರಿಟ್ಟರು. ಹೆಸರಿನಲ್ಲಿಯೇ ಸಹಾಯ ಇದೆ!

1798ರಲ್ಲಿ ಮಾಲ್ಕಂ ಹೈದರಾಬಾದಿನಲ್ಲಿ ಸಹಾಯಕ ರೆಸಿಡೆಂಟನಾದ. ನಿಜಾಮನ ಬಳಿ ಫ್ರೆಂಚ್ ಅಧಿಕಾರಿಗಳ ಕೈಕೆಳಗೆ ಹದಿನಾಲ್ಕು ಸಾವಿರ ಸಿಪಾಯಿಗಳ ದಂಡಿತ್ತು. ಟಿಪ್ಪುವಿನ ಮೇಲೆ ಯುದ್ಧ ಹೂಡುವ ಮೊದಲು ಅದನ್ನು ಒಡೆಯಬೇಕಿತ್ತು. ಆ ಸಿಪಾಯಿಗಳಿಗೆ ಸಂಬಳ ಬಾಕಿ ಇತ್ತು. ಬಾಕಿಗಾಗಿ ಅವರು ತಮ್ಮ ಫ್ರೆಂಚ್ ಅಧಿಕಾರಿಗಳ ಮೇಲೆಯೇ ತಿರುಗಿಬಿದ್ದರು. ಆ ಗಲಾಟೆಯ ನಡುವೆ ಕಂಪನಿಯ ಪಲ್ಟನ್ನುಗಳು ಸುತ್ತುವರಿದವು. ಅಕ್ಟೋಬರ್ ತಿಂಗಳಲ್ಲಿ ಅಷ್ಟು ದೊಡ್ಡ ದಂಡು ಯುದ್ಧವಿಲ್ಲದೆ ಆಯುಧ ಕೆಳಗಿಟ್ಟಿತು. ಆ ದಿನ ಮಾಲ್ಕಂ ಅಲ್ಲಿದ್ದ, ಹೆಸರು ಗಳಿಸಿದ. ಕಾರ್ಮಿಕ ಬಂಧುಗಳು ಇದನ್ನು ಗಮನಿಸಬೇಕು. ಸಂಬಳ ಬಾಕಿಗಾಗಿ ಎದ್ದವರದು ನ್ಯಾಯವಾದ ಸಿಟ್ಟು. ಆದರೆ ಆ ಸಿಟ್ಟಿಗೆ ತನ್ನದೇ ಆದ ದಾರಿ ಇಲ್ಲದೆ ಹೋದುದರಿಂದ ಇನ್ನೊಬ್ಬ ಯಜಮಾನ ಅದನ್ನು ತನ್ನ ಗಾಡಿಗೆ ಹೂಡಿಕೊಂಡ.

ಇನ್ನು 1799. ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಜ್ಯವನ್ನು ಏನು ಮಾಡಬೇಕೆಂದು ತೀರ್ಮಾನಿಸಲು ಗವರ್ನರ್ ಜನರಲ್ ವೆಲ್ಲೆಸ್ಲಿ ಒಂದು ಕಮಿಷನ್ ನೇಮಿಸಿದ. ಜನರಲ್ ಹ್ಯಾರಿಸ್, ಗವರ್ನರ್ ಜನರಲನ ಇಬ್ಬರು ತಮ್ಮಂದಿರಾದ ಆರ್ಥರ್ ಮತ್ತು ಹೆನ್ರಿ ವೆಲ್ಲೆಸ್ಲಿ, ಕರ್ಕ್‌ಪ್ಯಾಟ್ರಿಕ್, ಬ್ಯಾರಿ ಕ್ಲೋಸ್, ಇವರೇ ಐದು ಜನ. ಕಾರ್ಯದರ್ಶಿಗಳು ಇಬ್ಬರು: ಜಾನ್ ಮಾಲ್ಕಂ ಮತ್ತು ಥಾಮಸ್ ಮನ್ರೋ. ಮೂವತ್ತರ ಪ್ರಾಯದ ಮಾಲ್ಕಂ ಕಾಗದಪತ್ರಗಳ ನಡುವೆ ಕೂತ. ಕೆನರಾ, ಕೊಯಮತ್ತೂರು, ವೈನಾಡು ಮತ್ತು ಶ್ರೀರಂಗಪಟ್ಟಣದ ದ್ವೀಪ ಕಂಪನಿಗೆ. ಗುತ್ತಿ, ಗುರ್ರಂಕೊಂಡದ ಕಡೆಯ ಸೀಮೆ ನಿಜಾಮನಿಗೆ. ನಡುವೆ ಉಳಿದದ್ದು ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ. ಜೂನ್ 30ರಂದು ಪಟ್ಟಾಭಿಷೇಕ. ಜುಲೈ 8ರಂದು ಒಪ್ಪಂದ. ಮಗುವಿನ ಪರವಾಗಿ ರಾಣಿ ಲಕ್ಷ್ಮಮ್ಮಣ್ಣಿಯವರೂ ದಿವಾನ್ ಪೂರ್ಣಯ್ಯನವರೂ ರುಜು ಹಾಕಿದರು.

ಆ ಒಪ್ಪಂದದಲ್ಲಿ ಎರಡು ಮಾತುಗಳು ಮುಖ್ಯ. ಒಂದು, ಮೈಸೂರು ಪ್ರತಿವರ್ಷ ಕಂಪನಿಗೆ 7 ಲಕ್ಷ ಸ್ಟಾರ್ ಪಗೋಡಗಳನ್ನು ಕೊಡಬೇಕು. ರೂಪಾಯಿ ಲೆಕ್ಕದಲ್ಲಿ 24 ಲಕ್ಷ 50 ಸಾವಿರ. ಆಗ ರಾಜ್ಯದ ಹುಟ್ಟುವಳಿ ಎಂದು ಅವರೇ ಪಟ್ಟಿಯಲ್ಲಿ ಕಾಣಿಸಿದ ಮೊತ್ತದ ಅರ್ಧಕ್ಕಿಂತ ಹೆಚ್ಚು ಇದು. ಇದನ್ನೇ ನಮ್ಮ ಹಿರಿಯರು ಪೊಗದಿ ಎಂದರು. ಎರಡನೆಯದು ನಾಲ್ಕನೆಯ ಕಲಮು. ಹಣ ಬರುವುದು ತಪ್ಪೀತು ಎಂದು ಗವರ್ನರ್ ಜನರಲನಿಗೆ ಶಂಕೆ ಬಂದರೆ ಸಾಕು, ಆಡಳಿತಕ್ಕೆ ತನ್ನ ನಿಬಂಧನೆಗಳನ್ನು ಹೇರಬಹುದು, ಇಲ್ಲವೆ ರಾಜ್ಯವನ್ನೇ ವಹಿಸಿಕೊಳ್ಳಬಹುದು.

ಮಿತ್ರರೇ, ಇದನ್ನು ಮತ್ತೊಮ್ಮೆ ಯೋಚಿಸಿ. ಹಣ ತಪ್ಪಿದರೆ ಎಂದು ಬರೆದಿಲ್ಲ. ತಪ್ಪೀತೆಂಬ ಶಂಕೆ ಬಂದರೆ ಎಂದು ಬರೆದಿದೆ. ಶಂಕೆ ಯಾರಿಗೆ ಬರಬೇಕು? ಹಣ ತೆಗೆದುಕೊಳ್ಳುವವನಿಗೆ. ಶಂಕೆ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನಾರು? ಅವನೇ. ಅಂಗಡಿ ಇಟ್ಟುಕೊಂಡವರು ಬಲ್ಲಿರಿ. ಲೇವಾದೇವಿಯವನು ನಿಮ್ಮಿಂದ ಪ್ರೋನೋಟು ಬರೆಸಿಕೊಳ್ಳುವಾಗ, ‘ಕಂತು ತಪ್ಪೀತೆಂದು ನನಗೆ ತೋರಿದ ದಿನ ಅಂಗಡಿಯ ಬೀಗದ ಕೈ ನನ್ನದು’ ಎಂದು ಸೇರಿಸಿದರೆ ನೀವು ಸಹಿ ಹಾಕುವಿರಾ? ಮೈಸೂರಿನಿಂದ ಹಾಕಿಸಿಕೊಂಡರು. ಐದು ವರ್ಷದ ಮಗುವಿನ ಹೆಸರಿನಲ್ಲಿ ಹಾಕಿಸಿಕೊಂಡರು.

ಈ ಕೆಲಸ ಮುಗಿಯುತ್ತಲೇ ಮಾಲ್ಕಂಗೆ ಬಡ್ತಿ ಸಿಕ್ಕಿತು. ಅದೇ 1799ರ ಕೊನೆಗೆ ಪರ್ಷಿಯಾ ದೇಶಕ್ಕೆ ರಾಯಭಾರಿಯಾಗಿ ಹೊರಟ. ಅಲ್ಲಿಯ ದೊರೆ ಫತ್ ಅಲಿ ಶಾ. ಅಫಘಾನರನ್ನು ತಡೆಯಬೇಕು, ಫ್ರೆಂಚರನ್ನು ಹೊರಗಿಡಬೇಕು, ಇದು ಕಂಪನಿಯ ಬೇಡಿಕೆ. ಮಾಲ್ಕಂ ಕೈಬಿಚ್ಚಿ ಉಡುಗೊರೆ ಹಂಚಿದ. 1801ರ ಜನವರಿಯಲ್ಲಿ ಒಪ್ಪಂದವಾಯಿತು. ಕೊಟ್ಟ ಉಡುಗೊರೆ ಯಾರ ಹಣ? ಕಂಪನಿಯ ಬೊಕ್ಕಸದ್ದು. ಆ ಬೊಕ್ಕಸ ತುಂಬುತ್ತಿದ್ದದ್ದು ನಮ್ಮ ನೆಲದ ಕಂದಾಯದಿಂದ, ನಮ್ಮ ದರಬಾರುಗಳ ಪೊಗದಿಯಿಂದ. ಕೆಲವೇ ವರ್ಷಗಳಲ್ಲಿ ಆ ಒಪ್ಪಂದ ಹಳಸಿತು. 1807ರಲ್ಲಿ ಶಾ ಫ್ರಾನ್ಸಿನ ನೆಪೋಲಿಯನ್ನನ ಜತೆ ಕೈಕುಲುಕಿದ. 1808ರಲ್ಲಿ ಎರಡನೆಯ ಬಾರಿ ಹೋದ ಮಾಲ್ಕಂನನ್ನು ಕಡಲತೀರದ ಬುಷೀರ್ ಬಿಟ್ಟು ಒಳಗೇ ಬಿಡಲಿಲ್ಲ. 1810ರಲ್ಲಿ ಮೂರನೆಯ ಬಾರಿ ಹೋದಾಗ ಆಲೂಗೆಡ್ಡೆಯನ್ನು ಕೊಂಡೊಯ್ದ. ಆ ಸೀಮೆಯಲ್ಲಿ ಅದನ್ನು ಪರಿಚಯಿಸಿದ ಹೆಸರು ಆತನಿಗಿದೆ. ಮೂರು ರಾಯಭಾರಗಳಲ್ಲಿ ಬಡವನ ಹೊಟ್ಟೆಗೆ ದಕ್ಕಿದ್ದು ಆ ಗೆಡ್ಡೆಯೊಂದೇ ಎಂದರೆ ಹೆಚ್ಚಲ್ಲ.

1803ರಲ್ಲಿ ಆತನನ್ನು ಮೈಸೂರಿನ ರೆಸಿಡೆಂಟನಾಗಿ ನೇಮಿಸಿದರು. ಆದರೆ ಇಲ್ಲಿ ಕೂತದ್ದು ಕಡಿಮೆ. ಮರಾಠರ ಮೇಲೆ ಯುದ್ಧ ಆರಂಭವಾಗಿತ್ತು. ಆರ್ಥರ್ ವೆಲ್ಲೆಸ್ಲಿಯ ದಂಡಿನ ಜತೆ ಹೋದ. ಇಲ್ಲಿ ಆತನ ಬದಲಿಗೆ ಮಾರ್ಕ್ ವಿಲ್ಕ್ಸ್ ಕೆಲಸ ನೋಡಿಕೊಂಡ. ದಕ್ಷಿಣ ಭಾರತದ ಇತಿಹಾಸ ಬರೆದ ವಿಲ್ಕ್ಸ್ ಈತನೇ. ಆ ಯುದ್ಧಕ್ಕೆ ಮೈಸೂರಿನಿಂದ ಕುದುರೆ ಸವಾರರು ಹೋದರು, ಧಾನ್ಯ ಹೋಯಿತು, ನಮ್ಮ ಅಮೃತಮಹಲ್ ಎತ್ತುಗಳು ಹೋದವು. ಆ ಎತ್ತುಗಳ ನಡಿಗೆಯನ್ನು ವೆಲ್ಲೆಸ್ಲಿ ಬಹಳ ಮೆಚ್ಚಿಕೊಂಡಿದ್ದ. 1807ರಲ್ಲಿ ಇನ್ನೊಂದು ಕರಾರು ಬಂತು. ಪೊಗದಿಯಲ್ಲದೆ 4,000 ಕುದುರೆ ಸವಾರರನ್ನೂ ಮೈಸೂರು ತನ್ನ ಖರ್ಚಿನಲ್ಲಿ ಸದಾ ಸಿದ್ಧವಾಗಿಡಬೇಕು! ಅದೇ ವರ್ಷ ಮಾಲ್ಕಂ ಮೈಸೂರಿನಲ್ಲಿ ಮದುವೆಯಾದ.

ಮನುಷ್ಯನ ಬಗ್ಗೆ ನ್ಯಾಯವಾಗಿ ಮಾತನಾಡಬೇಕು. ಮಾಲ್ಕಂ ಲಂಚಕೋರನೆಂದೋ ಕ್ರೂರಿಯೆಂದೋ ನಾನು ಹೇಳುವುದಿಲ್ಲ. ನಗುಮುಖದವನು, ಬೇಟೆ, ಕುಸ್ತಿ, ಹರಟೆ ಎಂದರೆ ಮುಂದೆ. ದೇಶೀಯರ ಭಾಷೆ, ರೀತಿನೀತಿಗಳನ್ನು ಬಲ್ಲವನು. ಸಿಂಧಿಯನೊಡನೆ ಒಪ್ಪಂದವಾದ ಮೇಲೆ ಗ್ವಾಲಿಯರ್ ಕೋಟೆ ಯಾರಿಗೆ ಎಂಬ ಜಗಳ ಬಂತು. ಕೊಟ್ಟ ಮಾತಿನ ಪ್ರಕಾರ ಅದು ಸಿಂಧಿಯನಿಗೆ ಸೇರಬೇಕೆಂದು ಮಾಲ್ಕಂ ವಾದಿಸಿದ. ತನ್ನನ್ನು ಬೆಳೆಸಿದ ಗವರ್ನರ್ ಜನರಲನ ಸಿಟ್ಟನ್ನು ಎದುರಿಸಿದ. ಅದು ಧೈರ್ಯದ ಮಾತೇ. ಆದರೆ ಒಬ್ಬ ಅಧಿಕಾರಿ ಸಜ್ಜನನಾದ ಮಾತ್ರಕ್ಕೆ ಆತ ನಡೆಸುವ ಯಂತ್ರ ಸಜ್ಜನವಾಗುವುದಿಲ್ಲ. ಒಳ್ಳೆಯ ಮೇಸ್ತ್ರಿ ಇದ್ದಾನೆಂದು ಕಾರ್ಖಾನೆಯ ಕೂಲಿ ತಾನಾಗಿ ಹೆಚ್ಚಿದ್ದುಂಟೇ? ನಮ್ಮ ಜಗಳ ಮನುಷ್ಯನ ಸ್ವಭಾವದೊಡನೆ ಅಲ್ಲ, ಏರ್ಪಾಡಿನೊಡನೆ.

ಆ ಏರ್ಪಾಡಿನ ನ್ಯಾಯ ಹೇಗಿತ್ತೆಂದು ತೋರಿಸಲು ಎರಡು ದಂಗೆಗಳನ್ನು ಹೇಳುತ್ತೇನೆ. 1806ರ ಜುಲೈನಲ್ಲಿ ವೆಲ್ಲೂರಿನಲ್ಲಿ ದೇಶೀಯ ಸಿಪಾಯಿಗಳು ದಂಗೆಯೆದ್ದರು. ಹೊಸ ತರಹದ ಟೋಪಿ ಹಾಕಬೇಕು, ಹಣೆಯ ನಾಮ ಅಳಿಸಬೇಕು, ಗಡ್ಡ ಬೋಳಿಸಬೇಕು ಎಂಬ ಆಜ್ಞೆ ಅವರನ್ನು ಕೆರಳಿಸಿತ್ತು. ದಂಗೆ ಅಡಗಿದ ಮೇಲೆ ಗುಂಡಿಕ್ಕಿದರು, ನೇಣು ಹಾಕಿದರು, ಕೆಲವರನ್ನು ತೋಪಿನ ಬಾಯಿಗೆ ಕಟ್ಟಿ ಹಾರಿಸಿದರು. ಮೂರೇ ವರ್ಷದ ಮೇಲೆ, 1809ರಲ್ಲಿ, ಮದರಾಸು ಸೈನ್ಯದ ಐರೋಪ್ಯ ಅಧಿಕಾರಿಗಳೇ ದಂಗೆಯೆದ್ದರು. ಕಾರಣ? ಡೇರೆಗಳ ಗುತ್ತಿಗೆಯಿಂದ ಅವರಿಗೆ ಬರುತ್ತಿದ್ದ ಮೇಲ್ಸಂಪಾದನೆಯನ್ನು ಸರ್ಕಾರ ನಿಲ್ಲಿಸಿತ್ತು. ಶ್ರೀರಂಗಪಟ್ಟಣದ ಕೋಟೆಯನ್ನು ಆ ಅಧಿಕಾರಿಗಳು ಹಿಡಿದುಕೊಂಡರು. ಅವರನ್ನು ಸೇರಲು ಚಿತ್ರದುರ್ಗದಿಂದ ಬರುತ್ತಿದ್ದ ಪಲ್ಟನ್ನುಗಳ ಮೇಲೆ ಮೈಸೂರಿನ ಸವಾರರೂ ಕಂಪನಿಯ ಕುದುರೆ ದಂಡೂ ಬಿದ್ದವು. ಯಾವ ಗುತ್ತಿಗೆಯ ಸುದ್ದಿಯೂ ಗೊತ್ತಿಲ್ಲದ ಸಿಪಾಯಿಗಳು ಸತ್ತರು. ಮಚಲೀಪಟ್ಟಣದ ಅಧಿಕಾರಿಗಳನ್ನು ಸಮಾಧಾನ ಮಾಡಲು ಕಳುಹಿಸಿದ್ದು ಇದೇ ಮಾಲ್ಕಂನನ್ನು. ಕರುಣೆ ತೋರಬೇಕೆಂದು ಆತ ಸಲಹೆ ಮಾಡಿದ. ಕೊನೆಗೆ ಕೆಲವು ಅಧಿಕಾರಿಗಳಿಗೆ ಕೆಲಸ ಹೋಯಿತು, ಹೆಚ್ಚಿನವರಿಗೆ ಕ್ಷಮೆ ಸಿಕ್ಕಿತು. ಯಾರನ್ನೂ ತೋಪಿಗೆ ಕಟ್ಟಲಿಲ್ಲ. ಧರ್ಮಕ್ಕಾಗಿ ಎದ್ದ ಬಡ ಸಿಪಾಯಿಗೆ ತೋಪು, ಮೇಲ್ಸಂಪಾದನೆಗಾಗಿ ಎದ್ದ ಅಧಿಕಾರಿಗೆ ಸಮಾಧಾನದ ಮಾತು. ತಕ್ಕಡಿ ಒಂದೇ, ತೂಕದ ಕಲ್ಲು ಎರಡು.

1817ರ ಡಿಸೆಂಬರಿನಲ್ಲಿ ಮಹಿದಪುರದ ಕಾಳಗದಲ್ಲಿ ಮಾಲ್ಕಂ ಹೋಳ್ಕರರ ಸೈನ್ಯವನ್ನು ಸೋಲಿಸಿದ ದಳಗಳಲ್ಲಿದ್ದ. ಮರುವರ್ಷ ಪೇಶ್ವೆ ಎರಡನೆಯ ಬಾಜೀರಾಯ ಆತನಿಗೆ ಶರಣಾದ. ವರ್ಷಕ್ಕೆ 8 ಲಕ್ಷ ರೂಪಾಯಿ ಪಿಂಚಣಿ ಎಂದು ಮಾಲ್ಕಂ ಮಾತುಕೊಟ್ಟ. ಬಾಜೀರಾಯ ಗಂಗೆಯ ದಡದ ಬಿಠೂರಿಗೆ ಹೋಗಿ ಕೂತ. 1851ರಲ್ಲಿ ಆತ ತೀರಿಕೊಂಡಾಗ ಡಾಲ್‌ಹೌಸಿ ಆ ಪಿಂಚಣಿಯನ್ನು ದತ್ತುಮಗ ನಾನಾಸಾಹೇಬನಿಗೆ ಮುಂದುವರಿಸಲಿಲ್ಲ. ಆರು ವರ್ಷಗಳ ಮೇಲೆ, 1857ರಲ್ಲಿ, ಕಾನಪುರದಲ್ಲಿ ದಂಗೆಯ ಮುಂದಾಳಾಗಿ ನಿಂತವನು ಆ ನಾನಾಸಾಹೇಬನೇ. ಇಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಅವರು ನಮಗೆ ಕೊಡಬೇಕಾದ ಹಣ ಒಬ್ಬನ ಆಯುಸ್ಸಿನ ಜತೆ ಮುಗಿಯುತ್ತಿತ್ತು. ನಾವು ಅವರಿಗೆ ಕೊಡಬೇಕಾದ ಪೊಗದಿ ಸೂರ್ಯಚಂದ್ರರಿರುವವರೆಗೆ ಎಂದು ಬರೆದಿರುತ್ತಿತ್ತು.

ಮಾಲ್ಕಂ ಸರ್ ಪದವಿ ಪಡೆದ, ಪರ್ಷಿಯಾದ ಇತಿಹಾಸ ಬರೆದ, ಮಾಳವ ಪ್ರಾಂತ್ಯವನ್ನು ಆಳಿದ. 1827ರಿಂದ 1830ರವರೆಗೆ ಮುಂಬಯಿಯ ಗವರ್ನರನಾಗಿದ್ದ. ಊರಿಗೆ ಹಿಂದಿರುಗಿ 1831ರಲ್ಲಿ ಪಾರ್ಲಿಮೆಂಟಿನ ಸದಸ್ಯನಾದ. ಆಗ ಇಂಗ್ಲೆಂಡಿನಲ್ಲಿ ಒಂದು ದೊಡ್ಡ ಚಳವಳಿ ನಡೆದಿತ್ತು. ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಂಗಳಂಥ ಗಿರಣಿ ಪಟ್ಟಣಗಳಿಗೆ ತಮ್ಮದೇ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಒಬ್ಬ ಜಮೀನ್ದಾರನ ಅಂಕೆಯಲ್ಲಿದ್ದ ಪುಟ್ಟ ಊರುಗಳಿಗೆ ಇಬ್ಬಿಬ್ಬರು ಪ್ರತಿನಿಧಿಗಳು. ಇದನ್ನು ಸರಿಪಡಿಸುವ ಸುಧಾರಣಾ ಮಸೂದೆ ಬಂದಾಗ ಮಾಲ್ಕಂ ಅದನ್ನು ವಿರೋಧಿಸಿದ. ಆತ ಆರಿಸಿ ಬಂದಿದ್ದ ಲಾನ್ಸೆಸ್ಟನ್ ಎಂಬುದೂ ಒಬ್ಬ ಡ್ಯೂಕನ ಅಂಕೆಯಲ್ಲಿದ್ದ ಊರೇ. ಮಸೂದೆ 1832ರಲ್ಲಿ ಶಾಸನವಾಯಿತು; 1833ರ ಮೇ ತಿಂಗಳಲ್ಲಿ ಆತ ಲಂಡನ್ನಿನಲ್ಲಿ ಸತ್ತ. ದಿವಾಳಿಯಾದ ಗೇಣಿದಾರನ ಮಗ ತನ್ನ ದೇಶದ ಗಿರಣಿ ಊರುಗಳಿಗೇ ಓಟು ಬೇಡವೆಂದ ಮೇಲೆ, ನಮ್ಮ ರೈತನನ್ನು ಕೇಳಿ ಪೊಗದಿ ಗೊತ್ತುಮಾಡಬೇಕಿತ್ತು ಎಂದು ಆತನಿಂದ ಹೇಗೆ ನಿರೀಕ್ಷಿಸುವುದು? ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮಂದಿರದಲ್ಲಿ ಆತನ ಅಮೃತಶಿಲೆಯ ಪ್ರತಿಮೆ ನಿಂತಿದೆ.

ಆತ ಹೋದ, ಕಲಮು ಉಳಿಯಿತು. ಕಂಪನಿಗೂ ಅರಮನೆಗೂ ಹಣ ಹೊಂದಿಸಲು ಮೈಸೂರಿನ ಅಮಲ್ದಾರರಿಂದ ಇಷ್ಟು ವಸೂಲಾಗಲೇಬೇಕು ಎಂದು ಶರತ್ತು ಬರೆಸಿಕೊಳ್ಳುವ ಪದ್ಧತಿ ಬಂತು. ಅಮಲ್ದಾರ ರೈತನನ್ನು ಹಿಂಡಿದ. 1830ರಲ್ಲಿ ನಗರದ ಸೀಮೆಯ ರೈತರು ಕೂಟ ಸೇರಿ ಕಂದಾಯ ಕೊಡುವುದಿಲ್ಲವೆಂದು ಎದ್ದರು. ಮರುವರ್ಷ ದಂಗೆಯನ್ನು ಕಂಪನಿಯ ಸೈನ್ಯ ತುಳಿಯಿತು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಅದೇ ನಾಲ್ಕನೆಯ ಕಲಮನ್ನು ಬಿಚ್ಚಿ ರಾಜ್ಯವನ್ನು ವಹಿಸಿಕೊಂಡ. 1799ರಲ್ಲಿ ಮಗುವಾಗಿದ್ದ ದೊರೆ 1868ರಲ್ಲಿ ಕಣ್ಣುಮುಚ್ಚುವವರೆಗೂ ರಾಜ್ಯ ಹಿಂದಿರುಗಿಸಿರೆಂದು ಅರ್ಜಿ ಬರೆಯುತ್ತಲೇ ಇದ್ದರು. ಅದು ಅರಮನೆಗೆ ಹಿಂದಿರುಗಿದ್ದು 1881ರ ಮಾರ್ಚ್ 25ರಂದು, ಐವತ್ತು ವರ್ಷದ ಮೇಲೆ. ಹಿಂದಿರುಗಿಸುವಾಗ ಪೊಗದಿಯನ್ನು 35 ಲಕ್ಷ ರೂಪಾಯಿಗೆ ಏರಿಸಿದರು. ಹೊಟ್ಟೆಗೆ ಹಿಟ್ಟಿಲ್ಲದಂಥ 1876-78ರ ಕ್ಷಾಮ ಆಗತಾನೆ ಮುಗಿದಿತ್ತು. ಆದಕಾರಣ ಏರಿಸಿದ ಮೊತ್ತವನ್ನು 1896ರಿಂದ ವಸೂಲು ಮಾಡಿದರು. 1927ರಲ್ಲಿ ವೈಸರಾಯ್ ಇರ್ವಿನ್ ಹತ್ತೂವರೆ ಲಕ್ಷ ಬಿಟ್ಟುಕೊಡುವುದಾಗಿ ಸಾರಿದಾಗ ಅದನ್ನು ದೊಡ್ಡ ಔದಾರ್ಯವೆಂದು ಕೊಂಡಾಡಲಾಯಿತು. ನಮ್ಮ ಮಂಡ್ಯದ ಗದ್ದೆಗಳಿಗೆ ನೀರು ತರುವ ವಿಶ್ವೇಶ್ವರಯ್ಯ ನಾಲೆಗೆ ಮೊದಲು ಇದ್ದ ಹೆಸರು ಇರ್ವಿನ್ ನಾಲೆ ಎಂಬುದು ಹಿರಿಯರಿಗೆ ನೆನಪಿದೆ. ಬಿಟ್ಟ ಮೇಲೆ ಉಳಿದ ಪೊಗದಿ ಎಷ್ಟು? ಇಪ್ಪತ್ತನಾಲ್ಕೂವರೆ ಲಕ್ಷ. 1799ರ ಅದೇ ಅಂಕಿ!

ಇದಕ್ಕೆ ಕೊನೆ ಬಂದದ್ದು ಇನ್ನೊಬ್ಬ ಸಜ್ಜನ ರೆಸಿಡೆಂಟನಿಂದಲ್ಲ. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಹಾರಿಸಲು ಸೇರಿದ ಜನರಿಂದ, 1947ರಲ್ಲಿ ಮೈಸೂರು ಚಲೋ ಎಂದು ಹೊರಟ ಜನರಿಂದ. ಆ ಜನರ ರುಜು ಯಾವ ಒಪ್ಪಂದದಲ್ಲಿಯೂ ಇರಲಿಲ್ಲ. ಆದರೆ ಹಣ ಅವರದಾಗಿತ್ತು.

ಈಗ ಹೇಳಿ, ಈ ಕಥೆಗೂ ನಮಗೂ ಸಂಬಂಧ ಇಲ್ಲವೇ? ಕಬ್ಬಿನ ಬೆಲೆಯ ಕರಾರು ಇದೆ, ಕೂಲಿ ಬೋನಸ್ಸಿನ ಕರಾರು ಇದೆ, ಮಳಿಗೆಯ ಬಾಡಿಗೆ ಕರಾರು ಇದೆ, ಕಾವೇರಿ ನೀರಿನದು 1892ರಿಂದ ಕರಾರಿನ ಮೇಲೆ ಕರಾರು. ಎಲ್ಲವನ್ನೂ ಮೃದುವಾದ ಮಾತಿನಲ್ಲಿ, ನಗುಮುಖದಿಂದ, ಬಲ್ಲವರು ಬರೆದು ತರುತ್ತಾರೆ. ದೊಡ್ಡ ಅಕ್ಷರದಲ್ಲಿ ಸ್ನೇಹ ಇರುತ್ತದೆ, ನಾಲ್ಕನೆಯ ಕಲಮಿನಲ್ಲಿ ಬೀಗದ ಕೈ ಇರುತ್ತದೆ. ನಾನು ಕೆಲವು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದವನು. ಅಕ್ಷರ ಇರುವುದು ದೇವರನಾಮ ಓದುವುದಕ್ಕೆ ಮಾತ್ರವಲ್ಲ, ಕರಾರು ಓದುವುದಕ್ಕೂ ಹೌದು. ಆದಕಾರಣ ನನ್ನ ಬೇಡಿಕೆ ಇಷ್ಟೇ. ಯಾವ ಕಾಗದ ಬಂದರೂ ಒಬ್ಬರೇ ಕೂತು ಸಹಿ ಹಾಕಬೇಡಿ. ನಾಲ್ಕು ಜನ ಸೇರಿ ಗಟ್ಟಿಯಾಗಿ ಓದಿಸಿ. ಕೊಡುವವನು ಯಾರು, ತೆಗೆದುಕೊಳ್ಳುವವನು ಯಾರು, ತಪ್ಪಿತೆಂದು ತೀರ್ಮಾನಿಸುವವನು ಯಾರು ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಉತ್ತರ ತೆಗೆದುಕೊಳ್ಳುವವನೇ ಎಂದಾದರೆ ಲೇಖನಿಯನ್ನು ಕೆಳಗಿಡಿ. ಮಾಲ್ಕಂ ಸಾಹೇಬ ಕೆಲಸ ಮಾಡಿದ ಊರಿನ ನೆರೆಯವರಾದ ನಮಗೆ ಇಷ್ಟಾದರೂ ಗೊತ್ತಿರಬೇಕು.